ಅಳಿಯನ ಗಡ್ಡಕ್ಕೆ ಕತ್ತಿ ಇಡುವ ಮುಂಚೆ

ಪುಟ್ಟಿ,

ಜರ್ಮನಿಯ ಸೋಲಿಂಗೆನ್‌ಗೆ ಹೋಗಿ ಕ್ಷೌರದ ಕತ್ತಿ ತಗೊಂಡೆ ಅಂತ ನೀನು ಕಳಿಸಿದ ಫೋಟೋ ನೋಡಿ ತುಂಬಾ ಖುಷಿಯಾಯಿತು. ನಿಮ್ಮ ತಾತನ ಕತ್ತಿಯ ಬುಡದಲ್ಲೂ ಅದೇ ಊರಿನ ಹೆಸರಿತ್ತು. ಆ ಊರು ಎಲ್ಲಿದೆ ಅಂತ ತಾತನಿಗೆ ಗೊತ್ತಿರಲಿಲ್ಲ, ಆದರೆ ಆ ಹೆಸರಿದ್ದರೆ ಉಕ್ಕಿಗೆ ಮೋಸ ಇಲ್ಲ ಅಂತ ಗೊತ್ತಿತ್ತು. 1938ರಿಂದ ಅಲ್ಲಿ ಅದಕ್ಕೆ ಕಾನೂನಿನ ರಕ್ಷಣೆಯೂ ಇದೆ, ಬೇರೆ ಕಡೆ ಮಾಡಿದ ಕತ್ತಿಗೆ ಆ ಹೆಸರು ಹಾಕುವ ಹಾಗಿಲ್ಲ.

ನನಗೆ ಪೋಸ್ಟ್ ಮಾಡ್ತೀನಿ ಅಂದೆಯಲ್ಲ, ಬೇಡ. ನೀನೇ ಇಟ್ಟುಕೊ, ನೀನೇ ಕಲಿ. ನಮ್ಮ ಮನೆತನದಲ್ಲಿ ಈ ಕೈಕೆಲಸ ಗಂಡುಮಕ್ಕಳಿಗೆ ಮಾತ್ರ ಅನ್ನುವ ಹಾಗೆ ನಡೆದುಬಂತು. ಸ್ಕೂಲಿಂದ ಬಂದು ನಮ್ಮ ಕ್ಷೌರದಂಗಡಿಯ ಬೆಂಚಿನ ಮೇಲೆ ಕೂತು ನನ್ನ ಕೈಯನ್ನೇ ನೋಡುತ್ತಿದ್ದವಳು ನೀನು. ಈಗ ಅಳಿಯಂದಿರ ಗಡ್ಡ ನಾನೇ ಮಾಡ್ತೀನಿ ಅಂತ ಹೊರಟಿದ್ದೀಯ. ನನಗೆ ಇದಕ್ಕಿಂತ ಬೇರೆ ಏನು ಬೇಕು?

ಆದರೆ ಮೊದಲೇ ಹೇಳ್ತೀನಿ, ಗಡ್ಡ ಮಾಡೋದು ಆಮೇಲಿನ ಮಾತು. ಮೊದಲು ಚರ್ಮದ ಪಟ್ಟಿಗೆ ತೀಡೋದು ಬರಬೇಕು. ಅಲ್ಲಿ ಕೆಟ್ಟ ಕತ್ತಿಯನ್ನ ಮುಖದ ಮೇಲೆ ಯಾವ ಜಾಣತನದಿಂದಲೂ ಸರಿ ಮಾಡಕ್ಕಾಗಲ್ಲ.

ಯಾಕೆ ತೀಡಬೇಕು ಅಂತ ನೀನು ಕೇಳಿದ್ದೆ. ಕತ್ತಿಯ ಬಾಯಿ, ಅಂದರೆ ಹರಿತದ ಅಂಚು, ಅಷ್ಟು ತೆಳು ಇರುತ್ತೆ, ಒಂದು ಸಲ ಗಡ್ಡ ತೆಗೆದರೆ ಸಾಕು, ಕಣ್ಣಿಗೆ ಕಾಣದ ಹಾಗೆ ಅಲ್ಲಲ್ಲಿ ಆಕಡೆ ಈಕಡೆ ವಾಲುತ್ತೆ. ಚರ್ಮ ಅದನ್ನ ಮತ್ತೆ ನೆಟ್ಟಗೆ ಮಾಡುತ್ತೆ. ಸಾಣೆಕಲ್ಲಿನ ಕೆಲಸ ಬೇರೆ, ಕಲ್ಲು ಉಕ್ಕನ್ನೇ ಸವೆಸುತ್ತೆ. ಹಾಗಾಗಿ ಪಟ್ಟಿ ಪ್ರತಿ ಸಲ, ಕಲ್ಲು ಯಾವಾಗಲೋ ಒಮ್ಮೆ, ಚೆನ್ನಾಗಿ ತೀಡಿದರೂ ಕೂದಲು ಎಳೆಯುತ್ತೆ ಅನ್ನಿಸಿದಾಗ ಮಾತ್ರ. (ಕಲ್ಲು ಬೇಕಾದಾಗ ನಿಮ್ಮ ಪಕ್ಕದ ಬೆಲ್ಜಿಯಂನದ್ದೇ ನೋಡು. ಅಲ್ಲಿ ಆರ್ಡೆನ್ಸ್ ಬೆಟ್ಟದ ಕಡೆ ಕೋಟಿಕ್ಯೂಲ್ ಅಂತ ಹಳದಿ ಕಲ್ಲು ಸಿಗುತ್ತೆ, ನೂರಾರು ವರ್ಷದಿಂದ ಕ್ಷೌರದ ಕತ್ತಿಗೆ ಹೆಸರಾದ ಕಲ್ಲು.)

ಪಟ್ಟಿಯ ಒಂದು ತುದಿಯನ್ನ ಕಿಟಕಿಯ ಕೊಕ್ಕೆಗೆ ಸಿಗಿಸಿ ಇನ್ನೊಂದು ತುದಿಯನ್ನ ಬಿಗಿಯಾಗಿ ಎಳೆದು ಹಿಡಿ. ಸಡಿಲ ಬಿಟ್ಟರೆ ಚರ್ಮ ಬಾಗಿ ಬಾಯಿಯನ್ನ ಸುತ್ತಿಕೊಳ್ಳುತ್ತೆ, ಹರಿತ ಹೋಗಿ ಅಂಚು ಗುಂಡಗಾಗುತ್ತೆ. ಕತ್ತಿಯನ್ನ ಪೂರ್ತಿ ಮಲಗಿಸು, ಬೆನ್ನೂ ಬಾಯಿಯೂ ಎರಡೂ ಚರ್ಮಕ್ಕೆ ತಾಗಿರಬೇಕು. ಬೆನ್ನು ಮುಂದೆ, ಬಾಯಿ ಹಿಂದೆ, ಹಾಗೇ ಎಳೆದುಕೊಂಡು ಹೋಗು. ತುದಿಗೆ ಬಂದಾಗ ಕೈ ನಿಲ್ಲಿಸಿ, ಬೆನ್ನನ್ನ ಪಟ್ಟಿಯಿಂದ ಎತ್ತದೆ ಅದರ ಮೇಲೇ ಹೊರಳಿಸಿ, ವಾಪಸ್ಸು ಬಾ. ಬಾಯಿಯ ಮೇಲೆ ಹೊರಳಿಸಿದೆಯೋ, ಪಟ್ಟಿಯೂ ಕುಯ್ಯುತ್ತೆ, ಕತ್ತಿಯೂ ಹಾಳು. ಮಣಿಕಟ್ಟು ತಿರುಗಿಸಬೇಡ. ಹೆಬ್ಬೆರಳು ತೋರುಬೆರಳ ನಡುವೆ ಕತ್ತಿಯ ಬುಡ ಉರುಳಬೇಕು, ಅಷ್ಟೇ. ಪಟ್ಟಿ ಕತ್ತಿಗಿಂತ ಕಿರಿದಾಗಿದ್ದರೆ ಸ್ವಲ್ಪ ಓರೆಯಾಗಿ ಎಳೆ, ಬುಡದಿಂದ ತುದಿಯವರೆಗೆ ಎಲ್ಲ ಭಾಗಕ್ಕೂ ಚರ್ಮ ತಾಗಲಿ.

ಭಾರ ಹಾಕಬೇಡ. ಇದನ್ನ ಎಷ್ಟು ಸಲ ಹೇಳಿದರೂ ಸಾಲದು. ಎಳೆ ಬಾಳೆಲೆ ಹರಿಯದ ಹಾಗೆ ಒರೆಸ್ತೀವಲ್ಲ, ಕೈ ಅಷ್ಟು ಹಗುರ ಇರಲಿ. ಮೊದಲು ಕ್ಯಾನ್ವಾಸ್ ಬಟ್ಟೆಯ ಮೇಲೆ 20 ಸಲ, ಆಮೇಲೆ ಚರ್ಮದ ಮೇಲೆ 40 ಸಲ ಹೋಗಿ ಬಂದರೆ ಸಾಕು. ನಮ್ಮ ಕಡೆ ಹಳಬರು ಅಂಗೈ ಮೇಲೇ ಪಟಪಟ ಅಂತ ತೀಡಿಬಿಡುತ್ತಿದ್ದರು, ನೋಡಕ್ಕೆ ಚೆಂದ, ನೀನು ಮಾತ್ರ ಅದಕ್ಕೆ ಕೈ ಹಾಕಬೇಡ. ನಿಧಾನವಾಗಿ ಮಾಡು, ವೇಗ ತಾನಾಗಿ ಬರುತ್ತೆ. ಹರಿತ ನೋಡೋಣ ಅಂತ ಬಾಯಿಗೆ ಬೆರಳು ಉಜ್ಜಬೇಡ, ತೀಡಿದ್ದೆಲ್ಲ ವ್ಯರ್ಥ ಆಗುತ್ತೆ.

ಇನ್ನು ಗಡ್ಡ. ಮುಖಕ್ಕೆ ಹೋಗುವ ಮುಂಚೆ ಬಲೂನು ಊದಿ, ನೊರೆ ಹಚ್ಚಿ, ಒಡೆಯದ ಹಾಗೆ ತೆಗೆದು ನೋಡು. ಬಹಳ ಜನ ಹೀಗೇ ಕಲೀತಾರೆ. ಆಮೇಲೆ ಅಳಿಯಂದಿರನ್ನ ಕೂರಿಸು. ಬಿಸಿನೀರಲ್ಲಿ ಹಿಂಡಿದ ಟವೆಲ್ಲನ್ನ ಎರಡು ಮೂರು ನಿಮಿಷ ಕಟ್ಟು, ಬ್ರಷ್ಷಿನಲ್ಲಿ ಸೋಪಿನ ನೊರೆ ಗಟ್ಟಿಯಾಗಿ ಹಚ್ಚು. ಕತ್ತಿ ಚರ್ಮಕ್ಕೆ 30 ಡಿಗ್ರಿಯಷ್ಟು ಓರೆ ಇರಲಿ. ಜಾಸ್ತಿ ಎದ್ದರೆ ಕುಯ್ಯುತ್ತೆ, ಜಾಸ್ತಿ ಮಲಗಿದರೆ ಕೂದಲು ಕಿತ್ತ ಹಾಗಾಗುತ್ತೆ. ಇನ್ನೊಂದು ಕೈಯಿಂದ ಚರ್ಮ ಬಿಗಿಹಿಡಿ, ಅರ್ಧ ಕೆಲಸ ಆ ಕೈಯದ್ದು. ಕೂದಲು ಬೆಳೆದ ದಿಕ್ಕಿಗೇ ಎಳೆ, ಗಿಡ್ಡ ಗಿಡ್ಡ ಎಳೆತ. ಕತ್ತಿ ಯಾವತ್ತೂ ಅಡ್ಡಡ್ಡ ಜಾರಬಾರದು, ಗಾಯ ಆಗೋದೇ ಹಾಗೆ. ಶುರುವಿಗೆ ಕೆನ್ನೆ ಮಾತ್ರ ಮಾಡು. ಗದ್ದ, ಮೇಲ್ತುಟಿ, ಗಂಟಲಿನ ಗುಬಟು ಇರುವ ಜಾಗ ಇವೆಲ್ಲ ಅವರ ಮಾಮೂಲಿ ರೇಜರ್‌ಗೆ ಬಿಡು. ಕೈ ಪಳಗಲಿ.

ಒಂದು ವಿಷಯದಲ್ಲಿ ಮಾತ್ರ ಯಾರ ಮಾತಿಗೂ ಮಣಿಯಬೇಡ. ಈ ಕತ್ತಿ ಒಂದೇ ಮುಖಕ್ಕೆ. ಸ್ನೇಹಿತರು ಬಂದು ನನಗೂ ಮಾಡು ಅಂದರೂ ಬೇಡ. ರಕ್ತದಿಂದ ಹರಡುವ ಕಾಯಿಲೆಗಳು, ಹೆಪಟೈಟಿಸ್, ಎಚ್‌ಐವಿ, ಇವುಗಳ ಭಯದಿಂದಲೇ ನಾನು ತಾತನ ಕತ್ತಿ ಬಿಟ್ಟು, ಬ್ಲೇಡು ಅರ್ಧ ಮುರಿದು ಹಾಕುವ ಕತ್ತಿಗೆ ಬಂದಿದ್ದು. ಗಿರಾಕಿಯ ಕಣ್ಣೆದುರೇ ಹೊಸ ಬ್ಲೇಡು ಮುರಿದು ಹಾಕಬೇಕು, ಅದರಲ್ಲಿ ರಾಜಿ ಇಲ್ಲ.

ಕೆಲಸ ಮುಗಿದ ಮೇಲೆ ತೊಳೆದು, ಬೆನ್ನಿನಿಂದ ಬಾಯಿ ಕಡೆಗೆ ಒರೆಸಿ, ಪೂರ್ತಿ ಒಣಗಿಸು. ಹಿಡಿಯೊಳಗೆ ನೀರು ನಿಲ್ಲಬಾರದು. ಇದು ಸ್ಟೇನ್‌ಲೆಸ್ ಅಲ್ಲ, ಬಾತ್‌ರೂಮಿನಲ್ಲಿ ಬಿಟ್ಟರೆ ತುಕ್ಕು ಹಿಡಿಯುತ್ತೆ. ನಮ್ಮ ತೀರ್ಥಹಳ್ಳಿಯ ಮಳೆಗಾಲದಲ್ಲಿ ಕತ್ತಿ ಕಾಪಾಡೋದೇ ಒಂದು ಕೆಲಸ ಆಗಿತ್ತು. ಹೊಲಿಗೆ ಮೆಷಿನ್ ಎಣ್ಣೆ ಒಂದು ತೊಟ್ಟು ಸವರಿ ಇಡು. ಕೊಬ್ಬರಿಎಣ್ಣೆ ಬೇಡ, ನಿಮ್ಮ ಚಳಿಗೆ ಗಟ್ಟಿಯಾಗುತ್ತೆ, ಹಳೆಯದಾದರೆ ಅಂಟಾಗುತ್ತೆ.

ಅಂಗಡಿಯವರು ಮಸೆದೇ ಕೊಟ್ಟಿದ್ದಾರಾ ಅಂತ ಫೋನ್ ಮಾಡಿ ಕೇಳು, ಎಷ್ಟೋ ಹೊಸ ಕತ್ತಿಗಳು ಗಡ್ಡ ಮಾಡುವಷ್ಟು ಹರಿತ ಇರಲ್ಲ. ಆಮೇಲೆ ತೀಡುವಾಗ ಒಂದು ವಿಡಿಯೋ ಮಾಡಿ ಕಳಿಸು. ಮೊಬೈಲನ್ನ ಪಟ್ಟಿಯ ಹತ್ತಿರ ಇಡು. ಹೋಗುವಾಗ ಬರುವಾಗ ಎರಡೂ ಶಬ್ದ ಒಂದೇ ಥರ ಇದ್ದರೆ ಕತ್ತಿ ಸಮ ಮಲಗಿದೆ ಅಂತ ಲೆಕ್ಕ, ನಾನು ಕೇಳಿ ಹೇಳ್ತೀನಿ.

ನಿನ್ನ ಅಪ್ಪ