ಹಿಡಿ ರಾಗಿ, ಯುಗಾದಿ, ಮತ್ತೆ ದೋಸೆ ಹುಯ್ಯೋರು ಬೇಕಾಗಿದಾರೆ

ನಾಳೆ ಬೆಳಿಗ್ಗೆ ನಮ್ಮ ಸಂಘದ ಸುದ್ದಿಪತ್ರದ ಈ ಸಂಚಿಕೆ ಪ್ರಿಂಟ್‌ಗೆ ಹೋಗ್ಬೇಕು, ಸಂಪಾದಕೀಯದ ಜಾಗ ಇನ್ನೂ ಖಾಲಿ, ಡಿಸೈನ್ ಮಾಡೋರು "ಏನಾದ್ರೂ ಕಳ್ಸಿ ಸಾರ್" ಅಂತ ವಾಟ್ಸಾಪ್ ಮಾಡ್ತಾನೇ ಇದಾರೆ. ಬೇವು-ಬೆಲ್ಲದ ಬಗ್ಗೆ ಪ್ರತಿ ವರ್ಷ ಬರೀತೀವಿ, ಈ ಸಲ ಬಿಡಿ. ಈ ಸಲ ಯುಗಾದಿ ಲೆಂಟ್ (ಈಸ್ಟರ್‌ಗೆ ಮುಂಚೆ ನಾವು ಕ್ರೈಸ್ತರು ಆಚರಿಸೋ ಉಪವಾಸದ ದಿನಗಳು) ಒಳಗೇ ಬಂದಿದೆ, ನನ್ನ ತಲೇಲಿ ಓಡ್ತಿರೋದು ಬೇರೆ.

ಮೊನ್ನೆ ಕನ್ನಡ ಕ್ಲಾಸಿನ ಮಕ್ಕಳು ಫುಡ್ ಬ್ಯಾಂಕಿಗೆ (ಇಲ್ಲದೋರಿಗೆ ಪುಕ್ಕಟೆ ದಿನಸಿ ಹಂಚೋ ಕಡೆ) ಅಂತ ಸಾಮಾನು ತಂದಿದ್ರು. ಎಲ್ಲರ ಬ್ಯಾಗಲ್ಲೂ ಕಪಾಟಿನ ಮೂಲೇಲಿ ಬಿದ್ದಿದ್ದ ಬೀನ್ಸ್ ಡಬ್ಬಿ. ಒಂದು ಪುಟ್ಟ ಹುಡುಗಿ ಮಾತ್ರ ದಾವಣಗೆರೆಯಿಂದ ಅವರಜ್ಜಿ ಕಳಿಸಿದ್ದ ಶೇಂಗಾ ಚಟ್ನಿಪುಡಿ ಹಿಡ್ಕೊಂಡು ನಿಂತಿದ್ಲು. ಅವರಮ್ಮ ಗಾಬರಿಯಾಗಿ "ಅದು ಬೇಡಮ್ಮಾ, ನಮಗೆ ಬೇಡದ್ದು ಏನಾದ್ರೂ ಕೊಡು" ಅಂದ್ರು. "ನಮಗೆ ಬೇಡದ್ದು ಅವರಿಗೆ ಯಾಕೆ ಬೇಕು?" ಅಂತು ಮಗು. (ಲೇಬಲ್ ಇಲ್ದೆ ಫುಡ್ ಬ್ಯಾಂಕಿನವರು ತಗೊಳ್ಳಲ್ಲ, ಅದು ಬೇರೆ ಮಾತು.)

ನಮ್ಮಜ್ಜಿ ಇದ್ದಿದ್ರೆ ಆ ಮಗೂನ ಮುದ್ದಾಡದೆ ಬಿಡ್ತಾನೇ ಇರಲಿಲ್ಲ. ಚಳ್ಳಕೆರೆ ಕಡೆ ಹಳ್ಳಿ ನಮ್ದು, ರಾಜ್ಯದಲ್ಲೇ ಕಮ್ಮಿ ಮಳೆ ಬೀಳೋ ತಾಲೂಕುಗಳಲ್ಲೊಂದು, ಶೇಂಗಾ ಬಿತ್ತಿ ಮೋಡ ನೋಡ್ಕೊಂಡು ಕೂರೋ ಊರು. ಅಜ್ಜಿ ದಿನಾ ಹಿಟ್ಟಿಗೆ ಎಸರಿಡೋಕೆ ಮುಂಚೆ, ಮನೇಲಿ ಇವತ್ತು ಎಷ್ಟು ಜನ ಉಣ್ಣೋರಿದಾರೆ ಅಂತ ಲೆಕ್ಕ ಹಾಕೋಕೂ ಮುಂಚೆ, ಒಂದು ಹಿಡಿ ರಾಗಿ ತೆಗೆದು ಬೇರೆ ಗಡಿಗೆಗೆ ಹಾಕೋಳು, ಭಾನುವಾರ ಅದನ್ನ ಚೀಲಕ್ಕೆ ಸುರ್ಕೊಂಡು ಚರ್ಚಿಗೆ ಹೊರೋಳು. ಅಪ್ಪ ಒಂದ್ಸಲ, ಮಳೆ ಕೈಕೊಟ್ಟ ವರ್ಷ, "ಉಂಡು ಉಳಿದ್ರೆ ಕೊಡವ್ವ" ಅಂದಿದ್ಕೆ ಬೈಬಲಿನ ಸಾರೆಪ್ತ ಊರಿನ ವಿಧವೆ ಕತೆ ಶುರು ಮಾಡಿದ್ಲು. ಬರಗಾಲ, ಮಡಕೇಲಿ ಒಂದು ಹಿಡಿ ಹಿಟ್ಟು, ಒಂಚೂರು ಎಣ್ಣೆ, ಅದನ್ನ ಸುಟ್ಕೊಂಡು ತಾನೂ ಮಗನೂ ತಿಂದು ಸಾಯೋಣ ಅಂತ ಸೌದೆ ಆರಿಸ್ತಿರೋಳ ಹತ್ರ ಪ್ರವಾದಿ ಎಲೀಯ ಬಂದು "ಮೊದಲು ನನಗೊಂದು ಸಣ್ಣ ರೊಟ್ಟಿ ಮಾಡ್ಕೊಡು" ಅಂತಾನೆ. ಅವಳು ಮಾಡ್ಕೊಡ್ತಾಳೆ, ಬರ ಮುಗಿಯೋವರೆಗೂ ಅವಳ ಮಡಕೆ ಖಾಲಿಯಾಗಲ್ಲ. ಆ 'ಮೊದಲು' ಅನ್ನೋದನ್ನ ಅಜ್ಜಿ ಒತ್ತಿ ಹೇಳೋಳು. ಮಿಕ್ಕಿದ್ದು ಕೊಡೋಕೆ ನಂಬಿಕೆ ಯಾಕೆ ಬೇಕು, ನಾಯಿಗೂ ಹಾಕ್ತೀವಲ್ಲ ಅನ್ನೋಳು.

ಅಬ್ರಹಾಮ ಮಗ ಇಸಾಕನ್ನ ಬಲಿ ಕೊಡೋಕೆ ಬೆಟ್ಟಕ್ಕೆ ಕರ್ಕೊಂಡು ಹೋಗಿದ್ದು ಮಾತ್ರ ಅವಳಿಗೆ ಅಷ್ಟಕ್ಕಷ್ಟೇ. ದೇವರೇ ಒದಗಿಸ್ತಾನೆ ಅನ್ನೋ ನಂಬಿಕೆ ಸರಿ, ಕಡೇಗೆ ಟಗರು ಸಿಕ್ಕಿದ್ದೂ ಸರಿ, "ಹೆತ್ತ ತಾಯಿ ಸಾರಾಳನ್ನ ಯಾರಾದ್ರೂ ಒಂದು ಮಾತು ಕೇಳಿದ್ರಾ?" ಅಂತ ಪಾದ್ರಿಗಳನ್ನೇ ಕೇಳಿದ್ಲಂತೆ.

ನಾಯಕನಹಟ್ಟಿ ಹತ್ರಾನೇ ಇರೋದ್ರಿಂದ 'ಮಾಡಿದಷ್ಟು ನೀಡು ಭಿಕ್ಷೆ' ಅನ್ನೋ ಅಲ್ಲಿನ ಸಂತ ತಿಪ್ಪೇಸ್ವಾಮಿ ಮಾತು ನಮ್ಮ ಮನೇಲೂ ಓಡಾಡ್ತಿತ್ತು. ಅಜ್ಜಿ ಕೈ ಮುಗಿದೇ ಹೇಳೋಳು, "ಆ ಮಾತು ನಿಜಾನೇ ಕಣಪ್ಪ, ಆದ್ರೆ ಶಿಲುಬೆ ಮೇಲೆ ನಮಗೆ ಸಿಕ್ಕಿದ್ದು ನಾವು ಮಾಡಿದ್ದಕ್ಕಲ್ಲ, ನಾವೇನೂ ಮಾಡೋ ಮುಂಚೇನೇ." ಅಂದ್ರೆ ಕಾಣಿಕೆ ಅವಳಿಗೆ ಅಡ್ವಾನ್ಸ್ ಪೇಮೆಂಟ್ ಆಗಿರಲಿಲ್ಲ. ಈಗ ಯೂಟ್ಯೂಬಲ್ಲಿ ಕೆಲವರು ಬೈಬಲಿನ ಮಲಾಕಿಯನ ದಶಮಾಂಶದ (ಹತ್ತರಲ್ಲೊಂದು ಪಾಲು ದೇವರಿಗೆ ಕೊಡೋ) ವಚನ ಹಿಡ್ಕೊಂಡು ನೂರು ಕೊಟ್ರೆ ಸಾವಿರ ಬರುತ್ತೆ ಅಂತಾರಲ್ಲ, ನಂಗೆ ಮೈ ಉರಿಯುತ್ತೆ. ಅಜ್ಜಿ ಕೊಟ್ಟಿದ್ಕೆ ನಮ್ಮ ಕಡೆ ಮಳೆಯೇನೂ ಸುರೀಲಿಲ್ಲ: ನಮ್ಮ ಜಿಲ್ಲೆಯ ಮಾರಿಕಣಿವೆ ಡ್ಯಾಂ 1933ರಲ್ಲಿ ಕೋಡಿ ಬಿದ್ದದ್ದು, ಆಮೇಲೆ ಬಿದ್ದಿದ್ದು 2022ರಲ್ಲಿ. ಅಷ್ಟೊತ್ತಿಗೆ ಅಜ್ಜಿ ಇರಲಿಲ್ಲ. ಗಡಿಗೆಗೆ ಹಿಡಿ ರಾಗಿ ಬೀಳೋದು ಮಾತ್ರ ಯಾವ ಬರದಲ್ಲೂ ನಿಲ್ಲಲಿಲ್ಲ, ಮತ್ತೆ ನಮ್ಮನೆ ಮಡಕೆ ಖಾಲಿಯಾದ ದಿನಗಳೂ ಇದ್ವು, ಅದನ್ನ ಮುಚ್ಚಿಡಲ್ಲ. ಖಾಲಿಯಾದಾಗ ಪಕ್ಕದ ಮನೆ ಲಿಂಗಾಯತ್ರು ಜೋಳ ಕೊಡ್ತಿದ್ರು, ಅಜ್ಜಿ "ನೋಡು ಒದಗಿಸ್ದ" ಅಂತ ಇಸ್ಕೊಳ್ಳೋಳು. ಇಸ್ಕೊಳ್ಳೋಕೂ ಅವಳಿಗೆ ನಾಚಿಕೆ ಇರಲಿಲ್ಲ, ನನಗಿದೆ.

ಸರಿ, ಜಾಗ ಮುಗೀತಾ ಬಂತು, ಪ್ರಕಟಣೆಗಳು. ಯುಗಾದಿ ಕಾರ್ಯಕ್ರಮ ಶನಿವಾರ ಮಧ್ಯಾಹ್ನ 4ಕ್ಕೆ ಮಾಮೂಲಿ ಸ್ಕೂಲ್ ಹಾಲಲ್ಲಿ, 4 ಅಂದ್ರೆ 4, ಹಾಲ್ ರಾತ್ರಿ 9ಕ್ಕೆ ಬಿಟ್ಕೊಡ್ಬೇಕು. ಮಕ್ಕಳ ಡ್ಯಾನ್ಸ್ ಹಾಡುಗಳ ಫೈಲ್ ಗುರುವಾರದೊಳಗೆ ಕಳ್ಸಿ. ಫುಡ್ ಬ್ಯಾಂಕ್ ಡಬ್ಬ ಬಾಗಿಲ ಹತ್ರ ಇರುತ್ತೆ, ಎಕ್ಸ್‌ಪೈರಿ ಡೇಟ್ ನೋಡಿ ಹಾಕಿ ದಯವಿಟ್ಟು. ಗುಡ್ ಫ್ರೈಡೇ ದಿನ ಕನ್ನಡ ಆರಾಧನೆಗೆ ಬರೋರು ಇದ್ರೆ ಕಾರ್ ಶೇರ್ ಮಾಡೋಣ, ನನಗೊಂದು ಮೆಸೇಜ್ ಹಾಕಿ.

ಬೈಬಲಿನ ಎರಡು ಕಾಸಿನ ವಿಧವೆ (ತನ್ನ ಹತ್ರ ಇದ್ದ ಎರಡೇ ಕಾಸನ್ನೂ ಕಾಣಿಕೆ ಹಾಕಿದ ಬಡವಿ) ಕತೆ ಹೇಳಿ ಸಂಘದ ಚಂದಾ ಕೇಳೋಣ ಅಂತ ಖಜಾಂಚಿಗಳು ಐಡಿಯಾ ಕೊಟ್ರು. ಬೇಡ ಅಂದೆ. ಮಾರ್ಕನ ಸುವಾರ್ತೆ 12ನೇ ಅಧ್ಯಾಯದಲ್ಲಿ ಆ ಕತೆಗೆ ಸ್ವಲ್ಪ ಮುಂಚೆ ಯೇಸು ವಿಧವೆಯರ ಮನೆ ನುಂಗೋ ಶಾಸ್ತ್ರಿಗಳನ್ನ ಬೈದಿದಾನೆ, ಕಾಸು ಕೇಳೋರು ಅದನ್ನ ಓದಲ್ಲ. ಚಂದಾ ಆಮೇಲೆ ಆಗ್ಲಿ, ನಮಗೀಗ ಜನ ಬೇಕು. ಬೆಣ್ಣೆ ದೋಸೆ ಕೌಂಟರ್‌ಗೆ ನಾಲ್ಕು ಜನ ಅಂದಿದ್ವಿ, ಇಬ್ರೇ ಹೆಸರು ಕೊಟ್ಟಿರೋದು, ಅದರಲ್ಲಿ ಒಬ್ಬರಿಗೆ ದೋಸೆ ಹುಯ್ಯೋಕೆ ಬರಲ್ಲ. ಮತ್ತೆ ಈ ಸುದ್ದಿಪತ್ರಕ್ಕೆ ಜೊತೆಗೆ ಕೂತು ಪ್ರೂಫ್ ನೋಡೋ ಇನ್ನೊಬ್ಬರು ಸಿಕ್ರೆ ಮುಂದಿನ ಸಂಚಿಕೆ ಬರುತ್ತೆ, ಇಲ್ಲಾಂದ್ರೆ ನಿಜವಾಗ್ಲೂ ಕಷ್ಟ ಇದೆ, ಹೇಳ್ಕೊಳ್ತಾ ಇದೀನಿ. ಕಾವಲಿ ನಾನು ತರ್ತೀನಿ, ಬೆಣ್ಣೆ ಯಾರು ತರ್ತೀರಿ?