ಬಾಕಿ ಬಿಲ್ಲಿನ ವಸೂಲಿ: ಸದಸ್ಯರೆಲ್ಲರೂ ಓದಿ

ಎಲ್ಲರಿಗೂ ನಮಸ್ಕಾರ. ಆರ್ಡರ್ ಕೈತುಂಬ ಇದ್ದರೂ ಬಾಕಿ ಬಾರದೆ ಸಣ್ಣ ಊರಿನ ವರ್ಕ್‌ಶಾಪು, ಪ್ರಿಂಟಿಂಗ್ ಪ್ರೆಸ್ಸುಗಳು ಸೊರಗುತ್ತವೆ. 2006ರ ಎಂಎಸ್‌ಎಂಇಡಿ ಕಾಯ್ದೆಯಲ್ಲಿ (ಸಣ್ಣ, ಮಧ್ಯಮ ಉದ್ಯಮಗಳ ಕಾಯ್ದೆ) ಇದಕ್ಕೆ ದಾರಿ ಇದೆ, ದಯವಿಟ್ಟು ಬಳಸಿಕೊಳ್ಳಿ.

ಮೊದಲು ಉದ್ಯಮ್ ನೋಂದಣಿ, ಅಂದರೆ ಸಣ್ಣ ಉದ್ಯಮವೆಂದು ಸರ್ಕಾರದಲ್ಲಿ ದಾಖಲಾಗುವುದು. ಆಧಾರ್, ಪ್ಯಾನ್ ಬೇಕು, ಜಿಎಸ್‌ಟಿ ಕಡ್ಡಾಯವಿರುವವರಿಗೆ ಅದರ ಸಂಖ್ಯೆಯೂ. ಸರ್ಕಾರಿ ಪೋರ್ಟಲ್‌ನಲ್ಲಿ ಪೂರ್ತಿ ಉಚಿತ. ಶುಲ್ಕ ಕೇಳುವ ವೆಬ್‌ಸೈಟ್ ಸರ್ಕಾರದ್ದಲ್ಲ. ಮಾಲು ಕಳಿಸುವ ಮೊದಲೇ ನೋಂದಣಿ ಆಗಿರಲಿ. ಜಗಳ ಬಂದ ಮೇಲೆ ಮಾಡಿಸಿದರೆ ಹಳೇ ಬಿಲ್ಲುಗಳಿಗೆ ರಕ್ಷಣೆ ಸಿಗುವುದು ಕಷ್ಟ.

ಲಿಖಿತ ಒಪ್ಪಂದ ಇಲ್ಲದಿದ್ದರೆ ಖರೀದಿದಾರರು 15 ದಿನದಲ್ಲಿ ಹಣ ಕೊಡಬೇಕು. ಇದ್ದರೂ 45 ದಿನ ಮೀರುವಂತಿಲ್ಲ. "90 ದಿನ" ಎಂದು ಪಿಒದಲ್ಲಿ (ಖರೀದಿ ಆದೇಶ) ಬರೆದುಕೊಂಡರೂ ಅದು ನಿಲ್ಲದು. ತಡವಾದರೆ ಆರ್‌ಬಿಐ ಪ್ರಕಟಿಸುವ ಬ್ಯಾಂಕ್ ದರದ ಮೂರು ಪಟ್ಟು ಬಡ್ಡಿ, ಅದೂ ತಿಂಗಳ ಚಕ್ರಬಡ್ಡಿ.

ಹೆಚ್ಚಿನವರು ಎಡವುವುದು ಡೆಲಿವರಿ ಚಲನ್‌ನಲ್ಲಿ, ಅಂದರೆ ಮಾಲಿನ ಜೊತೆ ಕಳಿಸುವ ಚೀಟಿಯಲ್ಲಿ. ದಿನ ಎಣಿಸುವುದು ಮಾಲು ಒಪ್ಪಿಕೊಂಡ ದಿನದಿಂದ. ಆದ್ದರಿಂದ ಅದರ ಮೇಲೆ ಖರೀದಿದಾರರ ಸಹಿ, ಸೀಲು, ತಾರೀಖು ಮೂರನ್ನೂ ಹಾಕಿಸಿಕೊಳ್ಳಿ. 15 ದಿನದೊಳಗೆ ಅವರಿಂದ ಲಿಖಿತ ಆಕ್ಷೇಪ ಬಾರದಿದ್ದರೆ ಮಾಲು ತಲುಪಿದ ದಿನವೇ ಒಪ್ಪಿದಂತೆ ಲೆಕ್ಕ. ಬಿಲ್ಲಿನ ಮೇಲೆ ಉದ್ಯಮ್ ಸಂಖ್ಯೆ ಅಚ್ಚು ಹಾಕಿಸಿ. ಗಡುವು ಮೀರಿದ ಬಾಕಿಯನ್ನು ಪಾವತಿಸುವವರೆಗೆ ಆದಾಯ ತೆರಿಗೆಯಲ್ಲಿ ಖರ್ಚಾಗಿ ತೋರಿಸಲಾಗದು ಎಂಬುದು ಖರೀದಿದಾರರ ಲೆಕ್ಕಿಗರಿಗೆ ಗೊತ್ತಿರುತ್ತದೆ, ಆ ಸಂಖ್ಯೆ ಕಂಡರೆ ನೆನಪಾಗುತ್ತದೆ.

ಆದರೂ ಕೊಡದಿದ್ದರೆ ಪಿಒ, ಬಿಲ್ಲು, ಚಲನ್ ಜೋಡಿಸಿ ಫೆಸಿಲಿಟೇಶನ್ ಕೌನ್ಸಿಲ್‌ಗೆ (ಇಂಥ ಬಾಕಿ ವ್ಯಾಜ್ಯ ಬಗೆಹರಿಸುವ ಸರ್ಕಾರಿ ಮಂಡಳಿ) ಆನ್‌ಲೈನ್ ಅರ್ಜಿ ಹಾಕಿ.

ಅಂಗಡಿಯವರ ಗಮನಕ್ಕೆ: ಬರೀ ವ್ಯಾಪಾರಕ್ಕೆ ಪಡೆದ ಉದ್ಯಮ್ ನೋಂದಣಿ ಬ್ಯಾಂಕ್ ಸಾಲಕ್ಕೆ ನೆರವಾಗುತ್ತದೆ, ಈ ಬಾಕಿ ವಸೂಲಿಗೆ ಅಲ್ಲ. ತಯಾರಿಕೆ, ರಿಪೇರಿ, ಸೇವೆಯವರಿಗೆ ಮಾತ್ರ ಇದು ಅನ್ವಯ.