ಔಷಧಿ ಚೀಟಿಯಲ್ಲಿ ಇದನ್ನೂ ಬರೆಯಿರಿ

ಮಾನ್ಯರೇ,

ನಾನು ಮಕ್ಕಳ ವಾರ್ಡಿನಲ್ಲಿ ನರ್ಸ್. ಉಸಿರಿಗೆ ಒದ್ದಾಡುವ ಕೂಸುಗಳ ಮುಖಕ್ಕೆ, ಔಷಧಿಯನ್ನು ಮಂಜಿನಂತೆ ಮಾಡಿ ಉಸಿರಿನೊಳಗೆ ಕಳಿಸುವ ನೆಬುಲೈಸರ್ ಮಾಸ್ಕ್ ಹಿಡಿಯುವುದು ನನ್ನ ನಿತ್ಯದ ಕೆಲಸ. ಗುಣವಾಗಿ ಮನೆಗೆ ಹೋದ ಮಗು ಮತ್ತೆ ಮತ್ತೆ ಗೊರಗೊರ ಅನ್ನುತ್ತಾ ಬಂದರೆ, ಮನೆಯಲ್ಲಿ ಯಾರಾದರೂ ಬೀಡಿ, ಸಿಗರೇಟು ಸೇದುತ್ತಾರಾ ಎಂದು ಕೇಳುತ್ತೇನೆ. ತಾಯಿ ಗಂಡನ ಮುಖ ನೋಡುತ್ತಾಳೆ. "ಮಗು ಎದುರಿಗೆ ಸೇದಲ್ಲ ಸಿಸ್ಟರ್, ಕಿಟಕಿ ಹತ್ರ ನಿಂತ್ಕೋತೀನಿ" ಅನ್ನುತ್ತಾರೆ ಅವರು.

ಅಷ್ಟು ಮಾಡಿದರೆ ಸಾಕು ಎಂದು ಆ ತಂದೆ ನಿಜವಾಗಿ ನಂಬಿರುತ್ತಾರೆ. ಆದರೆ ಸಾಲದು. ಕಿಟಕಿ, ಫ್ಯಾನು, ಪಕ್ಕದ ಕೋಣೆ ಯಾವುದೂ ಹೊಗೆಯನ್ನು ಪೂರ್ತಿ ತಡೆಯುವುದಿಲ್ಲ. ಇಷ್ಟು ಹೊಗೆಯಾದರೆ ಪರವಾಗಿಲ್ಲ ಎನ್ನುವ ಮಟ್ಟವೇ ಇಲ್ಲವೆಂದು ಅಮೆರಿಕದ ಸರ್ಜನ್ ಜನರಲ್ (ಅಲ್ಲಿನ ಸರ್ಕಾರದ ಹಿರಿಯ ಆರೋಗ್ಯಾಧಿಕಾರಿ) 2006ರ ವರದಿಯಲ್ಲೇ ಹೇಳಿದ್ದಾರೆ. ಸೇದಿ ಬಿಟ್ಟ ಹೊಗೆಗಿಂತ, ಬೆರಳ ನಡುವೆ ಸುಮ್ನೆ ಉರಿಯುವ ತುದಿಯ ಹೊಗೆಯೇ ಕೋಣೆಯಲ್ಲಿ ಜಾಸ್ತಿ ತುಂಬುತ್ತದೆ. ಅದರ ವಿಷ ಬಟ್ಟೆಗೆ, ಪರದೆಗೆ, ಹಾಸಿಗೆಗೂ ಅಂಟಿರುತ್ತದೆ.

ದೊಡ್ಡವರು ನಿಮಿಷಕ್ಕೆ 12ರಿಂದ 20 ಸಲ ಉಸಿರಾಡಿದರೆ ಎಳೆಗೂಸು 30ರಿಂದ 60 ಸಲ ಉಸಿರಾಡುತ್ತದೆ. ಅದರ ಉಸಿರುನಾಳ ತೀರಾ ಸಣ್ಣದು. ಒಳಗೆ ಸ್ವಲ್ಪ ಊತ ಬಂದು ಕಫ ಕಟ್ಟಿದರೂ ಗಾಳಿಗೆ ದಾರಿಯಿಲ್ಲ. ಪಕ್ಕೆಲುಬಿನ ಸಂದು ಒಳಗೆ ಎಳೆದುಕೊಳ್ಳುವುದನ್ನು ಒಮ್ಮೆ ನೋಡಿದವರು ಮರೆಯಲಾರರು. ನ್ಯುಮೋನಿಯಾ, ಕಿವಿ ಸೋಂಕು, ಹೆಚ್ಚಾಗುವ ಅಸ್ತಮಾ, ಮಲಗಿದ್ದಲ್ಲೇ ಹಸುಗೂಸಿನ ಹಠಾತ್ ಸಾವು, ಎಲ್ಲದಕ್ಕೂ ಈ ಹೊಗೆಯ ನಂಟಿದೆ. ಬೇರೆಯವರು ಸೇದಿದ ಹೊಗೆಯಿಂದ ವರ್ಷಕ್ಕೆ ಸುಮಾರು 65,000 ಮಕ್ಕಳು ಸಾಯುತ್ತಾರೆ ಎಂಬುದು ವಿಶ್ವ ಆರೋಗ್ಯ ಸಂಸ್ಥೆಯ ಅಂದಾಜು. ಹೊಗೆ ಬಂತೆಂದು ಎದ್ದು ಆಚೆ ಹೋಗಲು ಕೂಸಿಗೆ ಬರುವುದಿಲ್ಲ, ಅಲ್ವಾ?

ಮನೆಯಲ್ಲಿ ಇದನ್ನು ಹೇಳುವ ಧೈರ್ಯ ಎಷ್ಟೋ ತಾಯಂದಿರಿಗೆ ಇರುವುದಿಲ್ಲ. ಮಾವ ಸೇದುತ್ತಿದ್ದರಂತೂ ಕೇಳುವುದೇ ಬೇಡ. ಹಾಗಾಗಿ ಮಕ್ಕಳ ಡಾಕ್ಟರುಗಳಲ್ಲಿ ನನ್ನ ಬೇಡಿಕೆ ಇಷ್ಟೇ. ಸಿರಪ್ಪು, ಇನ್ಹೇಲರ್ ಬರೆಯುವ ಚೀಟಿಯಲ್ಲೇ "ಮನೆಯೊಳಗೆ, ವಾಹನದೊಳಗೆ ಯಾರೂ ಸೇದಬಾರದು" ಎಂದೂ ಬರೆಯಿರಿ. ತಂದೆಯನ್ನು ಒಳಗೆ ಕರೆದು, ಬೈಯದೆ, ಓದಿ ಹೇಳಿ. ಬಿಡಲು ಮನಸ್ಸಿದ್ದರೆ ಯಾರನ್ನು ಕಾಣಬೇಕೆಂದೂ ತಿಳಿಸಿ. ಹೆಂಡತಿ, ಸೊಸೆ ಹೇಳಲಾಗದ್ದನ್ನು ಡಾಕ್ಟರ ಚೀಟಿ ಹೇಳಬಲ್ಲದು.

— ಮಕ್ಕಳ ವಾರ್ಡಿನ ಒಬ್ಬ ನರ್ಸ್